ಎರಡು ಕ್ಲಾಸ್‌ಗಳ ಪಾತ್ರ: ಬೆರೆಸುವ ಮುನ್ನ ಹಾಕಬೇಕಾದ ಲೆಕ್ಕ

ಮೇಜಿನ ಸುತ್ತ ಕುಳಿತು ಕಥೆಯೊಳಗಿನ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೆಯ ಆವೃತ್ತಿಯಲ್ಲಿ ಪಾತ್ರವೊಂದು ಲೆವೆಲ್ (ಅನುಭವದ ಮೆಟ್ಟಿಲು) ಏರಿದಾಗ, ಹಳೆಯ ಕ್ಲಾಸಿನಲ್ಲೇ (ಯೋಧ, ಮಾಂತ್ರಿಕ ಮುಂತಾದ ವೃತ್ತಿಯಲ್ಲೇ) ಮುಂದುವರಿಯದೆ ಮತ್ತೊಂದು ಕ್ಲಾಸಿನ ಮೊದಲ ಲೆವೆಲನ್ನು ಆರಿಸಿಕೊಳ್ಳಬಹುದು. ಇದೇ ಮಲ್ಟಿಕ್ಲಾಸಿಂಗ್. 2014ರ ನಿಯಮಪುಸ್ತಕದಲ್ಲಿ ಇದು ಐಚ್ಛಿಕ ನಿಯಮವಾದ್ದರಿಂದ ಮೊದಲು ಆಟ ನಡೆಸುವ ಡಂಜನ್ ಮಾಸ್ಟರರ ಒಪ್ಪಿಗೆ ಬೇಕು. ಕೆಳಗಿನ ಲೆಕ್ಕವೂ ಆ ಪುಸ್ತಕದ ನಿಯಮಗಳದ್ದೇ.

ನಿಮ್ಮ ಆಟ ಎಷ್ಟನೆಯ ಲೆವೆಲಿನವರೆಗೆ ನಡೆದೀತು ಎಂಬುದನ್ನು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಿ. ಎಂಟನೆಯ ಲೆವೆಲಿಗೆ ಮುಗಿಯುವ ಕಥೆಗೆ ಹದಿನಾಲ್ಕರಲ್ಲಿ ಅರಳುವ ಪಾತ್ರವನ್ನು ಕಟ್ಟಿದರೆ, ಆಟಗಾರರು ಕಾಯುವುದರಲ್ಲೇ ಕಾಲ ಕಳೆಯಬೇಕಾಗುತ್ತದೆ. ಅದರಲ್ಲೂ ಐದನೆಯ ಲೆವೆಲ್ ದೊಡ್ಡ ಹೊಸ್ತಿಲು: ಫೈಟರ್ (ಯೋಧ), ಪ್ಯಾಲಡಿನ್ (ಧರ್ಮಯೋಧ), ರೇಂಜರ್‌ಗಳಿಗೆ (ಕಾಡಿನ ಬೇಟೆಗಾರ) ಒಂದೇ ಸರದಿಯಲ್ಲಿ ಎರಡು ಸಲ ಹೊಡೆಯುವ ಎಕ್ಸ್‌ಟ್ರಾ ಅಟ್ಯಾಕ್ ದೊರೆಯುವುದೂ, ವಿಝರ್ಡ್‌ಗೆ (ಓದಿ ಕಲಿತ ಮಾಂತ್ರಿಕ) ಬೆಂಕಿ ಸ್ಫೋಟಿಸುವ ಫೈರ್‌ಬಾಲಿನಂಥ ಮೂರನೆಯ ಹಂತದ ಮಂತ್ರಗಳು ತೆರೆಯುವುದೂ ಅಲ್ಲಿಯೇ. ಬಲವಾದ ಕಾರಣವಿಲ್ಲದೆ ಈ ಹೊಸ್ತಿಲನ್ನು ದಾಟುವ ಮೊದಲೇ ಕ್ಲಾಸ್ ಬದಲಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಲವಾದ ಕಾರಣಕ್ಕೆ ಒಂದು ಉದಾಹರಣೆ, ಮೊದಲ ಲೆವೆಲನ್ನು ಫೈಟರ್ ಆಗಿ ಕಳೆದು ಎರಡನೆಯದರಿಂದ ವಿಝರ್ಡ್ ಆಗುವ ಪಾತ್ರ. ಡೆಕ್ಸ್ಟೆರಿಟಿ (ಚುರುಕುತನದ ಸಾಮರ್ಥ್ಯಾಂಕ) 14 ಇರುವ ಸಾಮಾನ್ಯ ವಿಝರ್ಡ್‌ಗೆ ಮೇಜ್ ಆರ್ಮರ್ ಮಂತ್ರದಿಂದ ಸಿಗುವ ರಕ್ಷಣಾಂಕ 15. ಇದೇ ಡೆಕ್ಸ್ಟೆರಿಟಿಯೊಂದಿಗೆ, ಫೈಟರ್ ಆಗಿ ಕಲಿತ ಪರಿಣತಿಯಿಂದ ಸ್ಕೇಲ್ ಮೇಲ್ ಕವಚ ತೊಟ್ಟು ಗುರಾಣಿ ಹಿಡಿದರೆ ಅದು 18 ಆಗುತ್ತದೆ, ಸದ್ದಿಲ್ಲದೆ ನುಸುಳುವುದು ಮಾತ್ರ ಕಷ್ಟವಾಗುತ್ತದೆ. ಇದಕ್ಕಿಂತಲೂ ಮುಖ್ಯವಾಗಿ, ಕಾನ್‌ಸ್ಟಿಟ್ಯೂಷನ್ (ದೇಹದಾರ್ಢ್ಯ) ಸೇವಿಂಗ್ ಥ್ರೋದಲ್ಲಿ, ಅಂದರೆ ಅಪಾಯ ತಪ್ಪಿಸಿಕೊಳ್ಳಲು ದಾಳ ಹಾಕುವಾಗ, ಪರಿಣತಿ ದೊರೆಯುವುದರಿಂದ, ಪೆಟ್ಟು ಬಿದ್ದಾಗಲೂ ಮಂತ್ರದ ಮೇಲಿನ ಏಕಾಗ್ರತೆ ಸುಲಭಕ್ಕೆ ಮುರಿಯುವುದಿಲ್ಲ. ಸೇವಿಂಗ್ ಥ್ರೋ ಪರಿಣತಿಯನ್ನು ಕೊಡುವುದು ಮೊದಲ ಕ್ಲಾಸ್ ಮಾತ್ರವಾದ್ದರಿಂದ, ವಿಝರ್ಡ್ ಆಗಿ ಶುರುಮಾಡಿ ಆಮೇಲೆ ಫೈಟರ್ ಆದವರಿಗೆ ಈ ಲಾಭವಿಲ್ಲ. ತೆರಬೇಕಾದ ಬೆಲೆಯೂ ಸ್ಪಷ್ಟವಾಗಿಯೇ ಇದೆ: ಪ್ರತಿಯೊಂದು ಹಂತದ ಮಂತ್ರವೂ ಒಂದು ಲೆವೆಲ್ ತಡವಾಗಿ ಬರುತ್ತದೆ, ಫೈರ್‌ಬಾಲ್ ಐದರ ಬದಲು ಆರಕ್ಕೆ ಸಿಗುತ್ತದೆ. ನನ್ನ ಮಟ್ಟಿಗೆ ಇದು ತೆರಬಹುದಾದ ಬೆಲೆ.

ಮೂರು ಲೆವೆಲ್ ಕ್ಲೆರಿಕ್ (ದೈವಶಕ್ತಿಯಿಂದ ಮಂತ್ರ ಹಾಕುವವರು), ಮೂರು ಲೆವೆಲ್ ವಿಝರ್ಡ್ ಆಗಿರುವ ಪಾತ್ರ ಇದಕ್ಕೆ ತದ್ವಿರುದ್ಧ. ಸ್ಪೆಲ್ ಸ್ಲಾಟ್‌ಗಳನ್ನು (ಮಂತ್ರ ಹಾಕಲು ಖರ್ಚು ಮಾಡುವ, ಹಂತವಾರು ಅವಕಾಶಗಳನ್ನು) ಒಟ್ಟು ಆರು ಲೆವೆಲಿನ ಲೆಕ್ಕದಲ್ಲಿ ಕೊಡುವುದರಿಂದ ಮೂರನೆಯ ಹಂತದ ಸ್ಲಾಟ್‌ಗಳು ಕೈಯಲ್ಲಿರುತ್ತವೆ. ಆದರೆ ಮಂತ್ರಗಳನ್ನು ಪ್ರತಿ ಕ್ಲಾಸಿಗೂ ಬೇರೆಬೇರೆಯಾಗಿ ಲೆಕ್ಕ ಹಾಕುವುದರಿಂದ, ಎರಡನೆಯ ಹಂತದ ಮಂತ್ರಗಳನ್ನೇ ದೊಡ್ಡ ಸ್ಲಾಟಿನಲ್ಲಿ ಹಾಕಬೇಕಾಗುತ್ತದೆ. ಇಂಥ ಪಾತ್ರ ಎಡಬಿಡಂಗಿಯಾಗುತ್ತದೆ. ಅದರ ಮೇಲೆ ವಿಝರ್ಡ್‌ಗೆ ಬೇಕಾದ ಇಂಟೆಲಿಜೆನ್ಸ್, ಕ್ಲೆರಿಕ್‌ಗೆ ಬೇಕಾದ ವಿಸ್ಡಮ್ ಎರಡೂ ಕನಿಷ್ಠ 13 ಇರಲೇಬೇಕು. ಪಾತ್ರ ಕಟ್ಟುವಾಗ ಸಾಮರ್ಥ್ಯಾಂಕಗಳನ್ನು ಕೊಳ್ಳಲು ಸಿಗುವ 27 ಅಂಕಗಳ ಹಂಚಿಕೆಯಲ್ಲಿ ಒಂದು 13ಕ್ಕೇ 5 ಅಂಕ ಖರ್ಚಾಗುತ್ತದೆ.

ಪ್ಯಾಲಡಿನ್ ಮತ್ತು ಸಾರ್ಸರರ್ (ಹುಟ್ಟಿನಿಂದಲೇ ಮಂತ್ರಶಕ್ತಿ ಇರುವವರು) ಜೋಡಿಗೆ ಆ ತೊಡಕಿಲ್ಲ, ಏಕೆಂದರೆ ಮಂತ್ರಗಳಿಗೆ ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಇಬ್ಬರಿಗೂ ಬೇಕು. ಆರನೆಯ ಲೆವೆಲಿನಲ್ಲಿ ತನ್ನ ಮತ್ತು ಹತ್ತಿರದ ಜೊತೆಗಾರರ ಸೇವಿಂಗ್ ಥ್ರೋಗಳನ್ನು ಬಲಪಡಿಸುವ ಔರಾ ಆಫ್ ಪ್ರೊಟೆಕ್ಷನ್ ಪಡೆದ ಮೇಲೆ ಸಾರ್ಸರರ್ ಕಡೆಗೆ ಹೊರಳಿದವರ ಬಳಿ, ಹತ್ತನೆಯ ಲೆವೆಲಿನ ಹೊತ್ತಿಗೆ 11 ಸ್ಲಾಟ್‌ಗಳಿರುತ್ತವೆ. ಪ್ಯಾಲಡಿನ್ ಆಗಿಯೇ ಉಳಿದವರಿಗೆ 9. ಸ್ಲಾಟ್ ಖರ್ಚು ಮಾಡಿ ಹೊಡೆತದ ಹಾನಿ ಹೆಚ್ಚಿಸುವ ಡಿವೈನ್ ಸ್ಮೈಟ್‌ಗೆ ಎಲ್ಲ ಸ್ಲಾಟ್‌ಗಳೂ ಒದಗುತ್ತವೆ. ಆದರೆ ಸಾಮರ್ಥ್ಯಾಂಕ ಹೆಚ್ಚಿಸಿಕೊಳ್ಳುವ ಎರಡನೆಯ ಅವಕಾಶ ಎಂಟರ ಬದಲು ಹತ್ತಕ್ಕೆ ಬರುತ್ತದೆ, ಏಕೆಂದರೆ ಅದು ಒಟ್ಟು ಲೆವೆಲನ್ನಲ್ಲ, ಕ್ಲಾಸಿನ ಲೆವೆಲನ್ನು ಅವಲಂಬಿಸಿದೆ. ಪ್ಯಾಲಡಿನ್‌ನ ಹನ್ನೊಂದನೆಯ ಲೆವೆಲಿನ ಇಂಪ್ರೂವ್ಡ್ ಡಿವೈನ್ ಸ್ಮೈಟ್ ಕೂಡ ಕೈತಪ್ಪುತ್ತದೆ.

ಎರಡೂ ಕ್ಲಾಸ್‌ಗಳಲ್ಲಿರುವ ಎಕ್ಸ್‌ಟ್ರಾ ಅಟ್ಯಾಕ್ ಕೂಡಿಕೊಂಡು ಮೂರು ಹೊಡೆತವಾಗುವುದಿಲ್ಲ, ಬಾರ್ಬೇರಿಯನ್ ರೇಜ್‌ನಲ್ಲಿರುವಾಗ (ರೋಷಾವೇಶದಲ್ಲಿರುವಾಗ) ಮಂತ್ರ ಹಾಕುವಂತಿಲ್ಲ. ಇಂಥ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಬಳಿಕ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆದು, ಒಂದೇ ಕ್ಲಾಸಿನ ಹಾದಿಯನ್ನೂ ಬೆರೆತ ಹಾದಿಯನ್ನೂ ಲೆವೆಲ್‌ವಾರು ಎದುರುಬದುರು ಬರೆಯಿರಿ. ಬೆರೆತ ಹಾದಿ ಸತತ ಮೂರು ಲೆವೆಲ್ ಹಿಂದುಳಿದಂತೆ ಕಂಡರೆ, ಎರಡನೆಯ ಕ್ಲಾಸಿಗೆ ಹೊರಳುವುದನ್ನು ಇನ್ನಷ್ಟು ಮುಂದಕ್ಕೆ ಹಾಕಿ ಮತ್ತೊಮ್ಮೆ ಬರೆದು ನೋಡಿ.