ಒಲೆ ಕೊಳ್ಳುವ ಮುನ್ನ ಪಾತ್ರೆಗಳ ಕಪಾಟು ತೆರೆಯಿರಿ

ನಾನು ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ವಿಜಯಪುರದ ಕಡೆಯವರ ಮನೆಗೆ ಸೊಸೆಯಾಗಿ ಬಂದು, ಈಗ ಮೈಸೂರಿನಲ್ಲಿ ನೆಲೆಸಿದವಳು. ನಮ್ಮ ಮನೆಯಲ್ಲಿ ಮಧ್ಯಾಹ್ನ ಮುದ್ದೆ, ರಾತ್ರಿ ಜೋಳದ ರೊಟ್ಟಿ; ಎರಡೂ ತಪ್ಪುವುದಿಲ್ಲ. ಇವೆರಡರಷ್ಟು ಕಟ್ಟುನಿಟ್ಟಾಗಿ ಒಲೆಯನ್ನು ಪರೀಕ್ಷಿಸುವ ಅಡುಗೆ ಬೇರೆ ಇಲ್ಲ ಎಂಬುದು ನನ್ನ ಅನುಭವ. ಕಟ್ಟೆಯ ಮೇಲಿಡುವ ಗ್ಯಾಸ್ ಒಲೆ, ಗ್ರಾನೈಟ್ ಕೊರೆದು ಕೂರಿಸುವ ಹಾಬ್, ಇಂಡಕ್ಷನ್, ಗಾಜಿನ ಕೆಳಗೆ ತಂತಿ ಕೆಂಪಾಗಿ ಕಾಯುವ ಇನ್‌ಫ್ರಾರೆಡ್ ಈ ನಾಲ್ಕರಲ್ಲೂ ನಾನು ತಿಂಗಳುಗಟ್ಟಲೆ ಅಡುಗೆ ಮಾಡಿದ್ದೇನೆ. ಅಡುಗೆಮನೆ ಬದಲಿಸುವ ನೆಂಟರು ಕೇಳಿದಾಗಲೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಅಂಗಡಿಗೆ ಹೊರಡುವ ಮುನ್ನ ಕಪಾಟು ತೆರೆದು, ದಿನಬಳಕೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಹರಡಿಕೊಳ್ಳಿ. ಒಂದು ಅಳತೆ ಟೇಪು, ಫ್ರಿಜ್ಜಿಗೆ ಅಂಟಿಸುವ ಒಂದು ಆಯಸ್ಕಾಂತ ಸಾಕು. ಪ್ರತಿ ಪಾತ್ರೆಯ ತಳಕ್ಕೂ ಆಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಇಂಡಕ್ಷನ್‌ಗೆ ಒಗ್ಗುತ್ತದೆ, ಜಾರಿ ಬಿದ್ದರೆ ಇಲ್ಲ. ತಳ ಚಪ್ಪಟೆಯೋ ಗುಂಡೋ, ಅಗಲ ಎಷ್ಟು, ಹಿಡಿ ಎಷ್ಟು ಉದ್ದ ಹೊರಚಾಚಿದೆ ಎಂಬುದನ್ನು ಬರೆದುಕೊಳ್ಳಿ. ನಾನು ಹೀಗೆ ಹರಡಿದ ಹದಿನಾಲ್ಕು ಪಾತ್ರೆಗಳಲ್ಲಿ ಆಯಸ್ಕಾಂತ ಹಿಡಿದದ್ದು ಐದಕ್ಕೆ ಮಾತ್ರ. ಅಲ್ಯೂಮಿನಿಯಂ ಕುಕ್ಕರ್, ಮುದ್ದೆ ಮಾಡುವ ಹಿಂಡಾಲಿಯಂ ಪಾತ್ರೆ, ಹಿತ್ತಾಳೆಯ ತಪ್ಪಲೆ, ಹುಳಿ ಕುದಿಸುವ ಕಲ್ಲಿನ ಮರಿಗೆ, ಯಾವುದಕ್ಕೂ ಅದು ಅಂಟಲಿಲ್ಲ. ಸ್ಟೀಲ್ ಎಂದರೆ ಅಂಟುತ್ತದೆ ಎಂದೇನೂ ಇಲ್ಲ. ತೆಳುವಾದ ಎರಡು ಸ್ಟೀಲ್ ಪಾತ್ರೆಗಳಲ್ಲೂ ಅದು ಜಾರಿತು. ಒಲೆಯ ಬೆಲೆಗೆ ಹೊಸ ಪಾತ್ರೆಗಳ ಬೆಲೆಯನ್ನೂ ಕೂಡಿಸಿ ನೋಡಬೇಕಾದದ್ದು ಇದಕ್ಕಾಗಿ.

ಈ ಕ್ರಮವನ್ನು ನನಗೆ ಕಲಿಸಿದ್ದು ತವರಿನ ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ತಂಡ ರೂಪಿಸಿದ, ಹೊಗೆಕೊಳವೆ ಇದ್ದ ಮೂರು ಪಾತ್ರೆಯ ಸೌದೆ ಒಲೆ, ಅಸ್ತ್ರ ಒಲೆ, ನಮ್ಮ ಮನೆಯಲ್ಲಿತ್ತು. ಅದನ್ನು ಕಟ್ಟಲು ಬಂದ ಗಾರೆಯವರು ಮೊದಲು ಕೇಳಿದ್ದು, ‘ನಿಮ್ಮ ಪಾತ್ರೆ ತಂದಿಡಿ’ ಎಂದು. ಅವ್ವ ಅನ್ನದ ಗುಂಡಿ, ಮುದ್ದೆಯ ಪಾತ್ರೆ, ಸಾರಿನ ಮಡಕೆ ತಂದಿಟ್ಟಳು. ಆ ಅಳತೆಗೇ ಗಾರೆಯವರು ಒಲೆಯ ಬಾಯಿಗಳನ್ನು ತೆರೆದರು. ಪಾತ್ರೆಗೂ ಒಲೆಯ ಬಾಯಿಗೂ ನಡುವೆ ಸಂದು ಉಳಿಯಲಿಲ್ಲ. ಉರಿ ಪೋಲಾಗಲಿಲ್ಲ, ಹೊಗೆಯೂ ಒಳಗೆ ನುಗ್ಗಲಿಲ್ಲ.

ಮೊದಲು ಕಟ್ಟೆಯ ಮೇಲಿಡುವ ಗ್ಯಾಸ್ ಒಲೆ. ಇದರಲ್ಲಿ ಎಲ್ಲ ಪಾತ್ರೆಗಳೂ ನಡೆಯುತ್ತವೆ, ಕರೆಂಟು ಬೇಡ, ಕೆಟ್ಟರೆ ಬೀದಿಯ ಕೊನೆಯ ರಿಪೇರಿಯವರೇ ಸರಿಮಾಡುತ್ತಾರೆ. ಬರ್ನರ್‌ಗಳ ಸಂಖ್ಯೆಗಿಂತ ಅವುಗಳ ನಡುವಿನ ಅಂತರ ಮುಖ್ಯ. ನಿಮ್ಮ ಅತಿ ಅಗಲದ ಎರಡು ಪಾತ್ರೆಗಳನ್ನು ಅಂಗಡಿಗೇ ಒಯ್ದು ಅಕ್ಕಪಕ್ಕ ಇಟ್ಟು ನೋಡಿ. ನಾನು ಕುಕ್ಕರನ್ನೂ ರೊಟ್ಟಿಯ ಹಂಚನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ನಾಲ್ಕು ಬರ್ನರ್‌ಗಳ ಮೂರು ಒಲೆಗಳಲ್ಲಿ ಅವೆರಡೂ ಒಟ್ಟಿಗೆ ಕೂರಲೇ ಇಲ್ಲ. ಬರ್ನರ್ ಹಿತ್ತಾಳೆಯದ್ದಾಗಿರಲಿ, ಕೈಯಲ್ಲಿ ಹಿಡಿದರೆ ಭಾರವೆನಿಸಬೇಕು. ಪಾತ್ರೆ ಹೊರುವ ಕಬ್ಬಿಣದ ಕಾಲುಗಳ ನಡುವೆ ಒಗ್ಗರಣೆ ಸೌಟು ನಿಲ್ಲುತ್ತದೆಯೇ ನೋಡಿ. ನಿಲ್ಲದಿದ್ದರೆ ಕಾದ ಎಣ್ಣೆ ಕೈಮೇಲೆ ಚೆಲ್ಲುವ ಅಪಾಯ ದಿನಕ್ಕೆರಡು ಬಾರಿ. ಮೇಲ್ಮೈ ಸ್ಟೀಲ್ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗಾಜು ಹದಗೊಳಿಸಿದ್ದೇ ಆದರೂ ಅಂಚಿಗೆ ಏಟು ಬಿದ್ದರೆ ಒಮ್ಮೆಲೇ ಪುಡಿಯಾಗುತ್ತದೆ.

ಕಲ್ಲು ಕೊರೆದು ಕೂರಿಸುವ ಹಾಬ್‌ನ ಕಥೆ ಸ್ವಲ್ಪ ಉದ್ದ. ನಾವು ಹಿಂದೆ ಇದ್ದ ಮನೆಯಲ್ಲಿ ನಾಲ್ಕು ಬರ್ನರ್‌ಗಳ ಗಾಜಿನ ಹಾಬ್ ಇತ್ತು. ನೋಡಲು ಅಂದವಾಗಿತ್ತು, ಒರೆಸಲು ಸುಲಭ. ಮೊದಲ ದಿನ ಮುದ್ದೆಗೆ ಇಟ್ಟೆ. ಎಸರು ಕುದಿಯಿತು, ಹಿಟ್ಟು ಸುರಿದೆ, ನಡುವೆ ಕೋಲು ಚುಚ್ಚಿ ಸಣ್ಣ ಉರಿಯಲ್ಲಿ ಬೇಯಲು ಬಿಟ್ಟೆ. ತೊಳಸುವ ಹೊತ್ತಿಗೆ ಎಡಗೈಯಲ್ಲಿ ಕವೆಗೋಲಿನಿಂದ ಪಾತ್ರೆ ಅದುಮಿ ಹಿಡಿದು, ಬಲಗೈಯಲ್ಲಿ ಕೋಲು ತಿರುವಿದೆ. ಮೂರನೆಯ ಸುತ್ತಿಗೆ ಪಾತ್ರೆಯ ಕೆಳಗಿನ ಎರಕದ ಸ್ಟ್ಯಾಂಡೇ ಗಾಜಿನ ಮೇಲೆ ಕಿರ್ರೆಂದು ಸರಿಯಿತು. ಪಾತ್ರೆ ಓರೆಯಾಗಿ, ಉರಿ ಒಂದು ಬದಿಯಿಂದ ನಾಲಗೆ ಚಾಚಿ ನನ್ನ ಸೆರಗಿನ ಹತ್ತಿರ ಬಂತು. ಪಾತ್ರೆಯನ್ನು ನೆಲಕ್ಕಿಳಿಸಿ, ಮಣೆಯ ಮೇಲೆ ಕುಳಿತು, ಪಾದಗಳ ನಡುವೆ ಒತ್ತಿ ಹಿಡಿದು ತೊಳಸಿ ಮುಗಿಸಿದೆ. ಅಂದಿನಿಂದ ಹಾಬ್ ಕೊಳ್ಳುವವರಿಗೆಲ್ಲ ಇದನ್ನು ಹೇಳುತ್ತೇನೆ: ಸ್ಟ್ಯಾಂಡಿನ ಕಾಲುಗಳಿಗೆ ರಬ್ಬರ್ ಬಿಲ್ಲೆ ಇರಬೇಕು, ಅಥವಾ ಅದು ಕೂರಲು ಕುಳಿ ಇರಬೇಕು. ಅಂಗಡಿಯಲ್ಲೇ ಎರಡೂ ಕೈಯಿಂದ ಹಿಡಿದು ತಿರುವಿ ನೋಡಿ.

ಹಾಬ್‌ನ ಗುಣಗಳೂ ನಿಜವಾದವು. ಕಟ್ಟೆಯ ಮಟ್ಟಕ್ಕೇ ಬರ್ನರ್ ಇರುವುದರಿಂದ ಎತ್ತರದ ಪಾತ್ರೆಯೊಳಗೆ ಇಣುಕುವುದು ಕುಳ್ಳಗಿನವರಿಗೆ ಸುಲಭ. ಗಾಳಿಗೆ ಉರಿ ಆರಿದರೆ ತಾನಾಗಿ ಗ್ಯಾಸ್ ನಿಲ್ಲಿಸುವ ವ್ಯವಸ್ಥೆ ಕೆಲವು ಮಾದರಿಗಳಲ್ಲಿದೆ. ಬರ್ನರ್‌ನ ಪಕ್ಕದಲ್ಲಿ ಸಣ್ಣ ಲೋಹದ ಕಡ್ಡಿಯೊಂದು ಬಿಸಿಯಾಗಿರುವವರೆಗೆ ಕವಾಟ ತೆರೆದಿರುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಹಾಬ್ ತೆಗೆದುಕೊಳ್ಳುವುದಾದರೆ ಇದಿಲ್ಲದ್ದನ್ನು ಕೊಳ್ಳಲೇಬೇಡಿ. ಇನ್ನೊಂದು ಮಾತು: ಹಾಬ್ ಕೈಗೆ ಬರುವ ತನಕ ಗ್ರಾನೈಟ್ ಕೊರೆಸಬೇಡಿ. ಕೊರೆಯುವ ಅಳತೆ ಮಾದರಿಯಿಂದ ಮಾದರಿಗೆ ಬೇರೆ. ನನ್ನ ತಂಗಿಯ ಮನೆಯಲ್ಲಿ ಅಂಗಡಿಯವರು ಫೋನಿನಲ್ಲಿ ಹೇಳಿದ ಅಳತೆಗೆ ಕೊರೆಸಿದರು; ಬಂದದ್ದು ಎರಡು ಸೆಂಟಿಮೀಟರ್ ಚಿಕ್ಕದು. ಇಡೀ ಕಲ್ಲನ್ನು ಬದಲಿಸಬೇಕಾಯಿತು.

ಇಂಡಕ್ಷನ್ ಒಲೆಯೊಳಗೆ ಉರಿಯೂ ಇಲ್ಲ, ಕೆಂಪಾಗುವ ತಂತಿಯೂ ಇಲ್ಲ. ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿದು, ಪಾತ್ರೆಯ ತಳದಲ್ಲೇ ಶಾಖ ಹುಟ್ಟುತ್ತದೆ. ಸುತ್ತಲಿನ ಗಾಳಿ ಕಾಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಬೆಳಗಿನ ಅಡುಗೆ ಮುಗಿಸಿ ಬೆವರದೆ ಹೊರಬಂದ ದಿನ ಅದರ ಬೆಲೆ ನನಗೆ ತಿಳಿಯಿತು. ಒಂದೇ ಪಾತ್ರೆಯಲ್ಲಿ ಒಂದು ಲೀಟರ್ ನೀರಿಟ್ಟು ನಾನು ಗಡಿಯಾರ ನೋಡಿದ್ದೇನೆ: ಇಂಡಕ್ಷನ್‌ನಲ್ಲಿ ನಾಲ್ಕು ನಿಮಿಷದೊಳಗೆ ಕುದಿ ಬಂತು, ಗ್ಯಾಸಿನ ಮಧ್ಯಮ ಬರ್ನರ್‌ನಲ್ಲಿ ಐದೂವರೆ, ಇನ್‌ಫ್ರಾರೆಡ್‌ನಲ್ಲಿ ಏಳು.

ಆದರೆ ರೊಟ್ಟಿಗೆ ಅದು ಆಗದು. ಸಾಮಾನ್ಯ ಇಂಡಕ್ಷನ್ ಒಲೆಯ ಸುರುಳಿ ಸುಮಾರು 18 ಸೆಂಟಿಮೀಟರ್ ಅಗಲ. ನಮ್ಮತ್ತೆ ಬಡಿಯುವ ರೊಟ್ಟಿ ಅದಕ್ಕಿಂತ ಒಂದು ಅಂಗೈ ದೊಡ್ಡದು. ನಡುವೆ ಕಪ್ಪು ಚುಕ್ಕೆ ಬಿದ್ದು ಸುಡುವಾಗಲೂ ಅಂಚು ಹಸಿಹಿಟ್ಟಿನ ಬಣ್ಣದಲ್ಲೇ ಉಳಿಯುತ್ತದೆ. ಹಂಚಿನಿಂದ ತೆಗೆದು ನೇರ ಉರಿಗೆ ಹಿಡಿದಾಗ ರೊಟ್ಟಿ ಉಬ್ಬುವುದಿದೆಯಲ್ಲ, ಅದಂತೂ ಇಲ್ಲವೇ ಇಲ್ಲ. ಸುಟ್ಟ ಬದನೆಕಾಯಿಯ ಗೊಜ್ಜು, ಕೆಂಡದ ರುಚಿಯ ಹಪ್ಪಳ ಕೂಡ ಇದೇ ಸಾಲಿಗೆ ಸೇರುತ್ತವೆ. ಒಗ್ಗರಣೆ ಸೌಟನ್ನು ಹಲವು ಮಾದರಿಗಳು ಗುರುತಿಸುವುದೇ ಇಲ್ಲ; ತಳ 12 ಸೆಂಟಿಮೀಟರಾದರೂ ಇರಬೇಕು. ಅಗ್ಗದ ಮಾದರಿಗಳಲ್ಲಿ ಸಣ್ಣ ಉರಿ ಎಂಬುದು ನಿಜವಾದ ಸಣ್ಣ ಉರಿಯಲ್ಲ. ಕೆಲವು ಸೆಕೆಂಡು ಪೂರ್ತಿ ಶಾಖ, ಮತ್ತೆ ಕೆಲವು ಸೆಕೆಂಡು ಏನೂ ಇಲ್ಲ, ಹೀಗೆ ನಡೆಯುತ್ತದೆ. ಪಾಯಸ ತಳ ಹಿಡಿಯುವುದು ಇದರಿಂದಲೇ. ಕೊಳ್ಳುವ ಮುನ್ನ ಅತಿ ಕಡಿಮೆ ಮಟ್ಟದಲ್ಲಿ ನೀರಿಟ್ಟು ನೋಡಿ. ಕುದಿ ಎದ್ದು ಅಡಗಿ, ಎದ್ದು ಅಡಗಿ ಮಾಡಿದರೆ ಬೇರೆಯದನ್ನು ಕೇಳಿ. ಮನೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ವೈದ್ಯರನ್ನು ಕೇಳಿ, ಅವರು ಒಲೆಯಿಂದ ಎರಡಡಿ ದೂರವೇ ಇರುವಂತೆ ನೋಡಿಕೊಳ್ಳಿ.

ಇನ್‌ಫ್ರಾರೆಡ್ ಒಲೆಯ ಮೇಲೆ ಚಪ್ಪಟೆ ತಳದ ಯಾವ ಪಾತ್ರೆಯೂ ನಡೆಯುತ್ತದೆ. ಉಳಿದಂತೆ ಅದು ನಿಧಾನ, ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ. ಮಕ್ಕಳಿರುವ ಮನೆಗೆ ನಾನು ಹೇಳುವುದಿಲ್ಲ.

ಖರ್ಚಿನ ಲೆಕ್ಕವನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಮಾಡಿ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವಿದೆ. ಒಳ್ಳೆಯ ಗ್ಯಾಸ್ ಒಲೆ ಅದರಲ್ಲಿ ಮೂರನೆಯ ಎರಡು ಪಾಲನ್ನು ಪಾತ್ರೆಗೆ ತಲುಪಿಸುತ್ತದೆ. ಇಂಡಕ್ಷನ್ ನೂರಕ್ಕೆ ಸುಮಾರು 85 ತಲುಪಿಸುತ್ತದೆ. ಹಾಗಾಗಿ ಒಂದು ಸಿಲಿಂಡರಿನ ಅಡುಗೆಗೆ ಇಂಡಕ್ಷನ್‌ನಲ್ಲಿ ಹತ್ತಿರಹತ್ತಿರ 140 ಯೂನಿಟ್ ಬೇಕು. ನಿಮ್ಮ ಯೂನಿಟ್ ದರದಿಂದ ಗುಣಿಸಿ, ಸಿಲಿಂಡರ್ ಬೆಲೆಯ ಪಕ್ಕದಲ್ಲಿಡಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಪಡೆಯುತ್ತಿರುವ ಮನೆಯವರು ಇನ್ನೊಂದು ಸಾಲು ಸೇರಿಸಬೇಕು. ನಿಮಗೆ ನಿಗದಿಯಾದ ಯೂನಿಟ್‌ಗಿಂತ ಹೆಚ್ಚು ಬಳಸಿದರೆ ಹೆಚ್ಚಿನದ್ದಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ನಮ್ಮಲ್ಲಿ ತಿಂಗಳಿಗೆ 120 ಯೂನಿಟ್ ಆಗುತ್ತದೆ, ಸಿಲಿಂಡರ್ ನಲವತ್ತು ದಿನ ಬರುತ್ತದೆ. ಅಡುಗೆಯೆಲ್ಲ ಇಂಡಕ್ಷನ್‌ಗೆ ಹೋದರೆ ಇನ್ನೂರು ದಾಟುವುದು ಖಂಡಿತ ಎಂದು ಲೆಕ್ಕ ತೋರಿಸಿತು. ಹೀಗಾಗಿ ಮೂರು ಬರ್ನರ್‌ಗಳ ಸ್ಟೀಲ್ ಗ್ಯಾಸ್ ಒಲೆ ಇಟ್ಟುಕೊಂಡು, ಅದರ ಪಕ್ಕದಲ್ಲಿ ಒಂದೇ ಒಂದು ಇಂಡಕ್ಷನ್ ಇರಿಸಿದ್ದೇವೆ. ಹಾಲು, ಕಾಫಿಯ ನೀರು, ಸ್ಟೀಲ್ ಕುಕ್ಕರಿನ ಅನ್ನ ಅದಕ್ಕೆ; ಮುದ್ದೆ, ರೊಟ್ಟಿ, ಒಗ್ಗರಣೆ ಉರಿಗೆ.

ಇಂಡಕ್ಷನ್ ತಂದರೆ ಎಲೆಕ್ಟ್ರಿಷಿಯನ್ ಕರೆಸಲೇಬೇಕು. 2000 ವಾಟ್ ಒಲೆ ಎಂಟು-ಒಂಬತ್ತು ಆಂಪಿಯರ್ ಎಳೆಯುತ್ತದೆ. ಮಿಕ್ಸಿಗೆಂದು ಹಾಕಿಸಿದ 6 ಆಂಪಿಯರ್ ಪ್ಲಗ್ಗು ಅದನ್ನು ತಾಳದು. 16 ಆಂಪಿಯರ್ ಪ್ಲಗ್ಗು, ಅದಕ್ಕೆ ತಕ್ಕ ತಂತಿ, ಅರ್ಥಿಂಗ್ ಮೂರೂ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಮನೆಯ ಯುಪಿಎಸ್‌ನಿಂದ ಅದು ನಡೆಯುವುದಿಲ್ಲ.

ಗ್ಯಾಸಿನ ಕಡೆಗೆ ಬಂದರೆ, ಕಿತ್ತಳೆ ಬಣ್ಣದ ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಿ. ದಿನಾಂಕ ಅದರ ಮೇಲೇ ಅಚ್ಚಾಗಿರುತ್ತದೆ. ಬೆಂಗಳೂರಿನ ಹಲವು ಬಡಾವಣೆಗಳಂತೆ ನಿಮ್ಮಲ್ಲೂ ಕೊಳವೆ ಗ್ಯಾಸ್ ಬಂದಿದ್ದರೆ ಅಥವಾ ಬರುವುದಿದ್ದರೆ, ಕೊಳ್ಳುವ ಒಲೆಯ ಜೆಟ್ (ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಭಾಗ) ಬದಲಿಸಲು ಬರುತ್ತದೆಯೇ ಎಂದು ಮೊದಲೇ ಕೇಳಿ. ಎರಡು ಅನಿಲಗಳ ಒತ್ತಡ ಬೇರೆ, ಜೆಟ್ಟಿನ ತೂತಿನ ಗಾತ್ರವೂ ಬೇರೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಕೊಳವೆ ಗ್ಯಾಸ್ ಹಗುರ, ಮೇಲೇರುತ್ತದೆ. ಸಿಲಿಂಡರ್ ಇರುವ ಕಪಾಟಿನ ಬಾಗಿಲಿಗೆ ನೆಲದ ಹತ್ತಿರವೇ ಕಿಂಡಿ ಬೇಕು ಎನ್ನುವುದು ಆ ಕಾರಣಕ್ಕೆ. ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ರೆಗ್ಯುಲೇಟರ್ ನಿಲ್ಲಿಸಿ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಒಲೆ ಮನೆಗೆ ಬಂದ ದಿನ ಹಾಲುಕ್ಕಿಸುವ ಪದ್ಧತಿ ನಮ್ಮಲ್ಲಿದೆ. ಅದನ್ನು ಬಿಡಬೇಡಿ, ಕೂರಿಸಲು ಬಂದವರು ಇನ್ನೂ ಅಲ್ಲಿರುವಾಗಲೇ ಮಾಡಿ. ಮೊದಲು ಉರಿ ನೋಡಿ: ನೀಲಿಯಾಗಿ, ಸದ್ದಿಲ್ಲದೆ, ಬರ್ನರ್ ಸುತ್ತ ಒಂದೇ ಎತ್ತರದಲ್ಲಿ ನಿಲ್ಲಬೇಕು. ಹಳದಿ ತುದಿ ಕಂಡರೆ ಪಾತ್ರೆಗೆ ಮಸಿ ಹಿಡಿಯುತ್ತದೆ, ಗಾಳಿಯ ಕಿಂಡಿಯನ್ನು ಆಗಲೇ ಸರಿಪಡಿಸಲು ಹೇಳಿ. ಹಾಲು ಉಕ್ಕಿ ಚೆಲ್ಲಿದಾಗ ಅದು ಎಲ್ಲಿಗೆ ಹರಿಯುತ್ತದೆ ನೋಡಿ. ಬರ್ನರ್ ಕೆಳಗಿನ ತಟ್ಟೆಯಲ್ಲೇ ನಿಂತರೆ ಒಳ್ಳೆಯದು. ಉರಿ ಹೆಚ್ಚು-ಕಡಿಮೆ ಮಾಡುವ ತಿರುಪುಗುಂಡಿಗಳ ಸಂದಿಗೆ ಇಳಿದರೆ ಇನ್ನಾರು ತಿಂಗಳಲ್ಲಿ ಅವು ಬಿಗಿಯಾಗುತ್ತವೆ. ಇಂಡಕ್ಷನ್ ಆದರೆ ಚೆಲ್ಲಿದ ಹಾಲು ಗುಂಡಿಗಳ ಮೇಲೆ ಬಂದೊಡನೆ ಕೂಗಿ ತಾನೇ ನಿಲ್ಲುತ್ತದೆಯೇ ಎಂಬುದನ್ನು ಗಮನಿಸಿ. ಆಮೇಲೆ ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ, ಒಲೆ ಕೂರಿಸಿದವರಿಗೂ ಒಂದು ಲೋಟ ಕೊಡಿ.