ಯುರಾನೋಫೇನ್ ಗುರುತಿಸುವುದು ಹೇಗೆ

ಕಾಲೇಜಿನ ಖನಿಜ ಕಪಾಟಿನ ಕೀಲಿ ನನ್ನ ಬಳಿಯಿರುವುದರಿಂದ ಹೊಸ ವಿದ್ಯಾರ್ಥಿಗಳಿಗೆ ಯುರಾನೋಫೇನ್ ಎಂಬ ಯುರೇನಿಯಂ ಸಿಲಿಕೇಟ್ ಖನಿಜ ತೋರಿಸುವುದು ನನ್ನ ಪಾಲಿನ ಕೆಲಸ. ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆಯಿರಿ. ಯುರೇನಿಯಂ ಖನಿಜದಿಂದ ಹೊಮ್ಮುವ ವಿಕಿರಣಶೀಲ ರೇಡಾನ್ ಅನಿಲ ಮುಚ್ಚಿದ ಡಬ್ಬಿಯಲ್ಲಿ ಸೇರಿಕೊಂಡಿರುತ್ತದೆ.

ಈಗ 10 ಪಟ್ಟಿನ ಮಸೂರ ಹಿಡಿಯಿರಿ. ಒಂದೇ ಬಿಂದುವಿನಿಂದ ಹರಡಿದ ನಿಂಬೆಹಳದಿ ಸೂಜಿಗಳು ಕಂಡರೆ ಅರ್ಧ ಕೆಲಸ ಮುಗಿಯಿತು. ಚೌಕದ ತೆಳು ಹಾಳೆಗಳಿದ್ದರೆ ಅದು ಬಹುಶಃ ಆಟುನೈಟ್, ಅಂದರೆ ಸಿಲಿಕೇಟ್ ಅಲ್ಲ, ಯುರೇನಿಯಂ ಫಾಸ್ಫೇಟ್. ಅನುಮಾನವೇ? ಕತ್ತಲಲ್ಲಿ ಅತಿನೇರಳೆ ಟಾರ್ಚ್ ಹಾಕಿ. ಆಟುನೈಟ್ ಕಣ್ಣು ಕುಕ್ಕುವ ಹಸಿರು. ಯುರಾನೋಫೇನ್ ತೀರಾ ಮಂಕು. ಮೋಸ್ ಮಾಪಕದಲ್ಲಿ ಗಡಸುತನ 2.5, ಅಂದರೆ ಮೆದು, ನಿಜ, ಆದರೆ ಪರೀಕ್ಷೆಗೆಂದು ಗೀರಲೇಬೇಡಿ. ತೂಕದ ಅರ್ಧಕ್ಕಿಂತ ಹೆಚ್ಚು ಯುರೇನಿಯಂ ಇರುವ ದೂಳು ಮೂಗಿಗೆ ಹೋಗಬಾರದು. ಅದೇ ಸಂಯೋಜನೆಯ, ಆದರೆ ಹರಳಿನ ರಚನೆ ಬೇರೆಯಾದ ಬೀಟಾ-ಯುರಾನೋಫೇನ್‌ನಿಂದ ಬೇರ್ಪಡಿಸಬೇಕೆಂದರೆ ಹರಳಿನ ಒಳರಚನೆ ತೋರುವ ಎಕ್ಸ್-ರೇ ವಿವರ್ತನೆಯೇ ಗತಿ, ಕಣ್ಣಿನ ಜಾಣತನ ಅಲ್ಲಿ ನಡೆಯದು.

ಸಿಕ್ಕಿದ ಜಾಗವನ್ನೂ ಕೇಳಿ. ಇದು ನೆಲದ ಮೇಲ್ಪದರದಲ್ಲಿ, ಆಮ್ಲಜನಕವಿರುವ ನೀರು ಯುರಾನಿನೈಟನ್ನು (ಯುರೇನಿಯಂ ಆಕ್ಸೈಡ್ ಅದಿರು) ಕರಗಿಸಿದ ಕಡೆ ಬಿರುಕುಗಳಲ್ಲಿ ಹುಟ್ಟುತ್ತದೆ. ನಮೀಬಿಯಾದ ರಾಸಿಂಗ್ ಗಣಿ ಪ್ರಸಿದ್ಧ ತಾಣ. ಯಾದಗಿರಿ ಜಿಲ್ಲೆಯ ಗೋಗಿಯಲ್ಲಿರುವ ಸಿಲಿಕೇಟ್ ಬೇರೆಯದು: ಕಪ್ಪು ಕಾಫಿನೈಟ್, ಆಮ್ಲಜನಕ ತಲುಪದ ಆಳದ ಕೂಸು. ಅದಕ್ಕೆ ಮಸೂರ ಸಾಲದು, ನುಣುಪು ಮಾಡಿದ ಚೂರನ್ನು ಸೂಕ್ಷ್ಮದರ್ಶಕದಡಿ ಇಡಬೇಕು.