ನೀಲಿ ಹಾಲ್‌ಗೆ ಬೆಚ್ಚನೆ ಬಣ್ಣ ಎಷ್ಟು, ಎಲ್ಲಿ?

ಧಾರವಾಡದಲ್ಲಿ ಕರ್ಟನ್, ಕುಶನ್, ಸೋಫಾ ಕವರ್ ಹೊಲಿದುಕೊಡುವುದು ನನ್ನ ಕೆಲಸ. ಹಾಲ್‌ಗೆ ನೀಲಿ ಬಣ್ಣ ಹೊಡೆಸಿದವರು ಸ್ವಲ್ಪ ದಿನಕ್ಕೇ ಅಂಗಡಿಗೆ ಬರುತ್ತಾರೆ. "ಅಕ್ಕಾರ, ಗ್ವಾಡಿ ಚಂದ ಬಂದೈತ್ರಿ, ಆದ್ರ ಒಳಗ ಕುಂತ್ರ ಯಾಕೋ ಥಣ್ಣಗ ಅನಸ್ತೈತಿ. ಆರೆಂಜ್ ಕರ್ಟನ್ ಹಾಕಲೇನ್ರಿ?"

ಬೇಡ. ಕರ್ಟನ್ ಅಂದರೆ ಏಳು ಅಡಿ ಬಟ್ಟೆ, ಅದೂ ಎರಡು ಮೂರು ಕಿಟಕಿಗೆ. ಅಷ್ಟು ಕಿತ್ತಳೆ ಅಷ್ಟು ನೀಲಿಯ ಎದುರು ನಿಂತರೆ ಹಾಲ್ ಹೋಗಿ ಪೆಟ್ರೋಲ್ ಬಂಕ್ ಆಗುತ್ತದೆ.

ಏನನ್ನೂ ಕೊಳ್ಳುವ ಮುಂಚೆ ಹಾಲ್‌ನಲ್ಲಿ ಈಗಾಗಲೇ ಏನೇನು ಬೆಚ್ಚಗಿದೆ, ಅಂದರೆ ಕೆಂಪು, ಹಳದಿ, ಕಂದು ಕಡೆಯದ್ದು ಏನೇನಿದೆ ನೋಡಿ. ತೇಗದ ಬಾಗಿಲು, ಬೆತ್ತದ ಕುರ್ಚಿ, ಹಿತ್ತಾಳೆ ದೀಪ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಇದ್ದರಂತೂ ಕೆಲಸ ಮುಗಿದಂತೆಯೇ. ಕೆನೆ ಬಣ್ಣದ ಕರ್ಟನ್ ಹಾಕಿ ಸುಮ್ನಿರಿ. ಬೂದು ಟೈಲ್ಸ್, ಬಿಳಿ ಟಿವಿ ಯೂನಿಟ್ ಇರುವ ಹೊಸ ಫ್ಲ್ಯಾಟಿಗೆ ಮಾತ್ರ ಹೊರಗಿನಿಂದ ತರಬೇಕಾಗುತ್ತದೆ.

ಎಷ್ಟು ತರಬೇಕು? ಡಿಸೈನ್ ಕಲಿತವರು 60-30-10 ಅನ್ನುತ್ತಾರೆ, ಅಂದರೆ ಮುಖ್ಯ ಬಣ್ಣ ನೂರಕ್ಕೆ ಅರವತ್ತು, ಎರಡನೆಯದು ಮೂವತ್ತು, ಎದ್ದು ಕಾಣುವ ಬಣ್ಣ ಹತ್ತು. ನಾನು ಕೇಳುವುದು, ಮನೆಯಲ್ಲಿ ನೀಲಿ ಇಳಕಲ್ ಸೀರೆ ಇದೆಯಾ ಅಂತ. ಇದ್ದರೆ ಮಂಚದ ಮೇಲೆ ಹರಡಿ. ಒಡಲೆಲ್ಲ ನೀಲಿ. ಕೆಂಪು ಇರುವುದು ದಡಿಯಲ್ಲಿ, ಸೆರಗಿನಲ್ಲಿ ಮಾತ್ರ. ಒಡಲಿನ ಮಧ್ಯೆ ಅಲ್ಲೊಂದು ಇಲ್ಲೊಂದು ಚೆಲ್ಲಿಲ್ಲ. ಸೆರಗಿನಲ್ಲೂ ಬರೀ ಕೆಂಪಿಲ್ಲ, ನಡುನಡುವೆ ಬಿಳಿ ಪಟ್ಟೆ ಬರುತ್ತದೆ. ಹಾಲ್‌ಗೂ ಇದೇ ಲೆಕ್ಕ ಸಾಕು. ದಡಿ ಅಂದರೆ ಕರ್ಟನ್ ಅಂಚಿನ ನಾಲ್ಕು ಇಂಚು ಪಟ್ಟಿ, ಕುಶನ್ ಹೊಲಿಗೆಗುಂಟ ಬರುವ ಸಣ್ಣ ಪೈಪಿಂಗ್. ಸೆರಗು ಅಂದರೆ ಒಂದೇ ಒಂದು ಜಾಗ: ಒಂದು ಕುರ್ಚಿ, ಇಲ್ಲವೇ ಒಂದು ಜಮಖಾನೆ. ಬಿಳಿ ಅಥವಾ ಕೆನೆ ಬಣ್ಣವನ್ನೂ ಮರೆಯಬೇಡಿ. ಅದಿಲ್ಲದಿದ್ದರೆ ಎರಡೂ ಬಣ್ಣ ಕಣ್ಣಿಗೆ ಹೊಡೆಯುತ್ತವೆ.

ಯಾವ ಬೆಚ್ಚನೆ ಬಣ್ಣ ಅನ್ನುವುದು ನಿಮ್ಮ ನೀಲಿಯನ್ನು ಅವಲಂಬಿಸಿದೆ. ಶೇಡ್ ಕಾರ್ಡನ್ನು ಬಿಳಿ ಹಾಳೆಯ ಮೇಲಿಟ್ಟು ಕಿಟಕಿ ಹತ್ತಿರ ನೋಡಿ. ಹಸಿರಿನ ಕಡೆ ವಾಲುವ ನವಿಲು ನೀಲಿಯಾದರೆ ಇಟ್ಟಿಗೆ ಕೆಂಪು, ತುಕ್ಕಿನ ಬಣ್ಣ. ನೇರಳೆ ಕಡೆ ವಾಲಿದರೆ ಸಾಸಿವೆ, ಅರಿಶಿನ. ಕಡು ನೇವಿ ಬ್ಲೂಗೆ ಹಿತ್ತಾಳೆ, ಕಂದು ಚರ್ಮ, ಸಾಸಿವೆ ಯಾವುದಾದರೂ ಸರಿ, ಅದು ಜಗಳ ಆಡುವ ಬಣ್ಣವೇ ಅಲ್ಲ. ತಿಳಿ ಆಕಾಶ ನೀಲಿಗೆ ಮಾತ್ರ ಹುಷಾರು. ಗಾಢ ಕಿತ್ತಳೆ ಪಕ್ಕಕ್ಕೆ ಬಂದರೆ ಅದು ಪೂರ್ತಿ ಪೆಚ್ಚಾಗುತ್ತದೆ. ಪೀಚ್ ಅಥವಾ ಹೆಂಚಿನ ಬಣ್ಣ ಸಾಕು.

ಇನ್ನೊಂದು ವಿಷಯ, ಅಂಗಡಿಯಲ್ಲಿ ದಿನಾ ನೋಡುವಂಥದ್ದು. ಒಬ್ಬ ಟೀಚರ್ ಅರಿಶಿನ ಹಳದಿ ತುಂಡೊಂದನ್ನು ಆರಿಸಿದ್ದರು. ಮೇಜಿನ ಮೇಲೆ ಹದವಾಗಿಯೇ ಇತ್ತು. ಅವರ ಸೋಫಾದ ನೀಲಿ ಬಟ್ಟೆಯ ಮೇಲಿಟ್ಟ ತಕ್ಷಣ ಭಗ್ಗನೆ ಹೊಳೆಯಿತು. "ಅಯ್ಯ, ಇದು ಅದ ಬಟ್ಟಿ ಏನ್ರಿ?" ಅಂದರು. ಅದೇ ಬಟ್ಟೆ. ನೀಲಿ ತನ್ನ ಪಕ್ಕದ ಬಣ್ಣವನ್ನು ಕಿತ್ತಳೆ ಕಡೆ ತಳ್ಳುತ್ತದೆ. ಪ್ಯಾರಿಸ್‌ನಲ್ಲಿ ಬಟ್ಟೆಯಲ್ಲೇ ಚಿತ್ರ ನೇಯುವ ಗೊಬ್ಲಾ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರಲ್ ಅನ್ನುವವರು ಇದನ್ನು 1839ರಲ್ಲೇ ಬರೆದಿಟ್ಟಿದ್ದಾರೆ. ಚಿತ್ರದಲ್ಲಿನ ನೀಲಿ ಬಟ್ಟೆಯ ನೆರಳಿಗೆ ನೇಯ್ದ ಕಪ್ಪು ನೂಲು ಸಪ್ಪೆ ಕಾಣುತ್ತದೆ ಅಂತ ದೂರು ಬಂದಿತ್ತು. ನೂಲಿನಲ್ಲಿ ಐಬಿರಲಿಲ್ಲ, ಪಕ್ಕದ ನೀಲಿಯ ಕಿತಾಪತಿ ಅದು. ಹಾಗಾಗಿ ಇಷ್ಟವಾದ ಹಳದಿಗಿಂತ ಒಂದು ಶೇಡ್ ಮಂಕಾದದ್ದನ್ನೇ ತೆಗೆದುಕೊಳ್ಳಿ. ಟೀಚರ್ ಕೊನೆಗೆ ಒಯ್ದದ್ದು ಮಂಕು ಸಾಸಿವೆ.

ಒಂದೇ ಸಲ ಎಲ್ಲ ಹೊಲಿಸಬೇಡಿ. 48 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಅರ್ಧ ಮೀಟರ್‌ನಲ್ಲಿ 16 ಇಂಚಿನ ಒಂದು ಕುಶನ್ ಕವರ್ ಆಗುತ್ತದೆ. ಒಂದು ಹೊಲಿಸಿ ಸೋಫಾ ಮೇಲಿಡಿ. ಬೆಳಿಗ್ಗೆ ನೋಡಿ, ರಾತ್ರಿ ಲೈಟ್ ಹಾಕಿಯೂ ನೋಡಿ. ರಾತ್ರಿಯದ್ದೇ ಜಾಸ್ತಿ ಮುಖ್ಯ, ಮನೆಮಂದಿಯೆಲ್ಲ ಸೇರುವುದು ಆಗಲೇ ಅಲ್ವಾ?

ಬಲ್ಬಿನ ಡಬ್ಬದ ಮೇಲೆ 6500 ಕೆಲ್ವಿನ್ ಅಂತ ಇದ್ದರೆ ಅದು ಹಾಲುಬಿಳಿ ಬೆಳಕು. ಅದರಡಿ ನೀಲಿ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ, ಸಾಸಿವೆ ಸಪ್ಪೆಯಾಗುತ್ತದೆ. ಮೂಲೆಯಲ್ಲಿ 2700 ಅಥವಾ 3000 ಕೆಲ್ವಿನ್‌ನ, ಹಳದಿ ಬೆಳಕಿನ ಒಂದು ಲ್ಯಾಂಪ್ ಇಡಿ. ಎಷ್ಟೋ ಜನಕ್ಕೆ ನಾನು ಬಟ್ಟೆ ಮಾರದೆ ಬರೀ ಬಲ್ಬ್ ಬದಲಿಸಲು ಹೇಳಿ ಕಳಿಸಿದ್ದೇನೆ. ವ್ಯಾಪಾರಕ್ಕೆ ನಷ್ಟ, ಆದರೆ ಅವರೇ ಮುಂದಿನ ದೀಪಾವಳಿಗೆ ಬರುತ್ತಾರೆ.

ಪಶ್ಚಿಮದ ಕಿಟಕಿಗೆ ಕಿತ್ತಳೆ, ಕೆಂಪು ಬಟ್ಟೆ ಹಾಕಿದರೆ ಬಿಸಿಲಿಗೆ ಬೇಗ ಬಿಳಿಚುತ್ತದೆ. ಅಂಥ ಕಡೆ ಅಸ್ತರ್ ಕೊಡಿಸಿ. ಕಾಟನ್ ಕೆಂಪಾದರೆ ಮೊದಲ ಸಲ ಬೇರೆಯಾಗಿ, ತಣ್ಣೀರಿನಲ್ಲಿ ಒಗೆಯಿರಿ. ಕೆಂಪು ಪೈಪಿಂಗ್ ಹಾಕಿಸುವುದಿದ್ದರೆ ಪೈಪಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಟೈಲರ್‌ಗೆ ಕೊಡಿ.